ತುಳಿಯದ ಜಮಖಾನ

ಅಡುಗೆಮನೆಗೆ ಭಾರದ ಹಾಸು ಹಾಸಬಾರದು. ಮೂವತ್ತೊಂದು ವರ್ಷ ಇದನ್ನೇ ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಯಿತು. ಕೇಳಿಸಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ಅಡುಗೆಮನೆ ದಿನವಿಡೀ ಒಲೆಯ ಮುಂದೆ ಕಾದಿರುತ್ತದೆ, ಅದಕ್ಕೆ ಮತ್ತೆ ಕಂಬಳಿ ಹೊದಿಸಿದರೆ ಸಿಟ್ಟಿಗೇಳದೆ ಇರುತ್ತದೆಯೇ? ಅಲ್ಲಿಗೆ ಈಚಲು ಚಾಪೆ, ಒಂದು ತುದಿ ಹರಿದಿದ್ದರೆ ಇನ್ನೂ ಒಳ್ಳೆಯದು. ಪಡಸಾಲೆಗೆ ಜಮಖಾನ, ದಪ್ಪ ನೂಲಿನದು. ಮಲಗುವ ಕೋಣೆಗೆ ಕಂಬಳಿ. ಮಕ್ಕಳಿರುವ ಕೋಣೆಗೆ ಕೌದಿ, ಅದೂ ಆ ಮನೆಯವರದೇ ಹಳೇ ಸೀರೆ, ಹಳೇ ಧೋತರ ಸೇರಿಸಿ ಹೊಲಿದದ್ದು. ಕಾಳುಕಡಿ ಇಡುವ ಕೋಣೆಗೆ ಗೋಣಿತಟ್ಟು ಸಾಕು, ಅದಕ್ಕೆ ದೊಡ್ಡಸ್ತಿಕೆ ಇಲ್ಲ. ದೇವರ ಕೋಣೆಗೆ ಏನು ಹಾಸಬೇಕು ಅಂತ ಕೇಳುವವರಿಗೆ, "ಅಲ್ಲಿ ದೇವರು ಕುಂತಾನಲ್ಲ, ಅವನ್ನ ಬಿಟ್ಟು ಕೋಣಿ ಎಲ್ಲಿಗೆ ಹೋಗತೈತಿ?" ಅನ್ನುತ್ತಿದ್ದೆ. ಅಂದರೂ ಮಣೆಯಷ್ಟು ಅಗಲದ ಒಂದು ಚಾಪೆ ಹಾಕಿಯೇ ಬರುತ್ತಿದ್ದೆ. ದೇವರ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಕೋಣೆಯ ಮೇಲೆ ನಂಬಿಕೆ ಇಲ್ಲ.

ಬೇರೆ ಊರಿನಿಂದ ಬಂದು ನೆಲೆಸುವವರು ಮೊದಲ ವಾರ ನಗುತ್ತಾರೆ. ಎರಡನೇ ವಾರ ಸಾವಂತ್ರವ್ವನ ಮನೆ ಎಲ್ಲಿ ಅಂತ ವಿಚಾರಿಸುತ್ತಾ ನನ್ನ ಬಾಗಿಲಿಗೆ ಬರುತ್ತಾರೆ. ನಮ್ಮೂರಲ್ಲಿ ಕೋಣೆ ಬಿದ್ದಿತು, ಕುಸಿಯಿತು ಅನ್ನುವುದಿಲ್ಲ. ಕೋಣೆ ಎದ್ದಿತು ಅನ್ನುತ್ತೇವೆ. ಮಧ್ಯಾಹ್ನದ ಊಟವಾಗಿ, ಬಿಸಿಲು ಓಣಿಯ ನಡುವೆ ನಿಂತ ಹೊತ್ತಿಗೆ ಒಂದು ಕೋಣೆ ಎದ್ದು ಹೋಗುತ್ತದೆ. ಬಾಗಿಲಿದ್ದ ಕಡೆ ಗೋಡೆ ಇರುತ್ತದೆ. ಸುಣ್ಣ ಅದೇ ಸುಣ್ಣ, ಮೇಲೊಂದು ಹಲ್ಲಿ, ಮನೆಯವರು ಯಾರೂ ಹೊಡೆಯದ ಒಂದು ಮೊಳೆ. ಎಲ್ಲಿಗೆ ಹೋಗುತ್ತದೆ ಅಂತ ನನ್ನನ್ನು ಕೇಳಬೇಡಿ. ನಮ್ಮಜ್ಜಿ ಚಿಕ್ಕವಳಿದ್ದಾಗ ಕೇಳಿದ್ದಳಂತೆ, ಅವಳಜ್ಜಿ ಕಪಾಳಕ್ಕೆ ಒಂದು ಕೊಟ್ಟಳಂತೆ.

ಮನುಷ್ಯ ಯಾವುದಕ್ಕೆ ಹೊಂದಿಕೊಳ್ಳುವುದಿಲ್ಲ ಹೇಳಿ. ನಮ್ಮಲ್ಲಿ ಮನೆ ಕಟ್ಟುವವರು ಒಂದು ಕೋಣೆ ಹೆಚ್ಚಿಗೆ ಕಟ್ಟುತ್ತಾರೆ. ಹೆಣ್ಣು ಕೊಡುವವರು ಗಂಡಿನ ಮನೆಯಲ್ಲಿ ಎಷ್ಟು ಕೋಣೆ ಇವೆ ಅಂತ ಕೇಳುವುದಿಲ್ಲ, ಎಷ್ಟು ಎದ್ದಿವೆ ಅಂತ ಕೇಳುತ್ತಾರೆ. ಊಟ ಮುಗಿದ ಕೂಡಲೇ ಎಲ್ಲರೂ ಹೊರಗಿನ ಕಟ್ಟೆಯ ಮೇಲೆ ಬಂದು ಕೂರುತ್ತಾರೆ, ಬಾಗಿಲುಗಳಿಗೆಲ್ಲ ಗುಂಡುಕಲ್ಲು ಒತ್ತಿಟ್ಟು ತೆರೆದಿಡುತ್ತಾರೆ. ಯಾರಾದರೂ ಒಳಗೆ ಉಳಿದಿದ್ದರೆ ಹೊರಗೆ ಜಿಗಿಯಲಿಕ್ಕೆ ದಾರಿ ಇರಲಿ ಅಂತ. ಬಾಣಂತಿಯನ್ನೂ ಹಾಸಿಗೆ ಸಮೇತ ಹೊರಗೆ ತಂದು ಬೇವಿನ ನೆರಳಿಗೆ ಮಲಗಿಸುತ್ತಾರೆ. ನಾಲ್ಕು ಗಂಟೆಗೆ ಬಿಸಿಲು ಇಳಿದ ಮೇಲೆ ಒಬ್ಬೊಬ್ಬರೇ ಒಳಗೆ ಹೋಗಿ, ಕೋಣೆ ಎಣಿಸಿ, ಚಹಾಕ್ಕೆ ಇಡುತ್ತಾರೆ.

ನನ್ನ ಕೆಲಸ ಇಷ್ಟೇ. ಕರೆದವರ ಮನೆಗೆ ಹೋಗಿ, ಬರಿಗಾಲಲ್ಲಿ ಕೋಣೆ ಕೋಣೆ ತಿರುಗಿ, ನೆಲದ ನಡುವೆ ಒಂದು ನಿಂಬೆಹಣ್ಣು ಇಡುವುದು. ಹಣ್ಣು ಇಟ್ಟಲ್ಲೇ ಇದ್ದರೆ ಕೋಣೆ ಗಟ್ಟಿ. ತಾನಾಗಿ ಉರುಳಿದರೆ ಕೋಣೆ ಸಡಿಲ. ಆಮೇಲೆ ಯಾವ ಕೋಣೆಗೆ ಯಾವ ಹಾಸು ಅಂತ ಆರಿಸಿ, ನಾನೇ ಹಾಸಿ, ಮೂಲೆಗೆ ಕೆಂಪು ನೂಲಿನ ಗಂಟು ಹಾಕಿ ಬರುವುದು. ಆರಿಸುವುದರಲ್ಲಿ ಕಣ್ಣು ಮುಖ್ಯವಲ್ಲ, ಅಂಗಾಲು ಮುಖ್ಯ. ಹೊಸ ಹಾಸು ಎಷ್ಟೇ ಚೆಂದವಿರಲಿ ಹಾಗೇ ಹಾಸುವಂತಿಲ್ಲ. ಅದನ್ನು ಮೂರು ದಿನ ಓಣಿಯಲ್ಲಿ ಹರವಬೇಕು. ಹೋಗುವವರು ಬರುವವರು, ಹಾಲಿನವಳು, ಸಾಲಿ ಹುಡುಗರು, ಬೇಕಾದರೆ ನಾಯಿ ಕೂಡ ತುಳಿಯಬೇಕು. ತುಳಿಸದ ಹಾಸನ್ನು ಕೋಣೆ ತನ್ನದು ಅನ್ನುವುದಿಲ್ಲ. ನಮ್ಮೂರಿನಲ್ಲಿ ಕೂಸಿಗೆ ಮಾತು ಬರುವ ಮೊದಲೇ ಇಷ್ಟು ಗೊತ್ತಿರುತ್ತದೆ.

ಮೂವತ್ತೊಂದು ವರ್ಷದಲ್ಲಿ ನಾನು ಹಾಸಿದ ಒಂದು ಕೋಣೆಯೂ ಎದ್ದಿರಲಿಲ್ಲ. ಅದರ ಜಂಬ ನನಗಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ದರ್ಜಿ ರಾಚಪ್ಪನ ಕೋಣೆ ಎದ್ದಿತು. ಅವನು ಒಳಗೆ ಮಲಗಿದ್ದ.

ರಾಚಪ್ಪ ನಮ್ಮದೇ ಓಣಿಯವನು, ಸಣ್ಣ ದನಿಯ ಮನುಷ್ಯ. ಹಬ್ಬದ ಹೊಲಿಗೆ ಬಹಳ ಇದ್ದು ಕಣ್ಣು ಉರಿಯುತ್ತವೆ ಅಂತ ಊಟವಾದ ಮೇಲೆ ಹತ್ತು ನಿಮಿಷ ಮಶೀನಿನ ಪಕ್ಕ ಅಡ್ಡಾಗಿದ್ದನಂತೆ. ಹೆಂಡತಿ ಕಸ್ತೂರಿ ಕಟ್ಟೆಯ ಮೇಲೆ ಕೂತು ಮಗಳು ನೀಲಿಯ ತಲೆ ಬಾಚುತ್ತಿದ್ದಳು. ಎದ್ದು ಒಳಗೆ ಹೋದಾಗ ಗೋಡೆ. ಆಕೆ ಕೂಗಿದ ಕೂಗು ನಾನು ನನ್ನ ಮನೆಯಲ್ಲಿ ಕೇಳಿದೆ. ಓಡಿ ಹೋದೆ. ಓಣಿಯ ಹಿರಿಯ ಸಂಗನಬಸಪ್ಪ ಎಲ್ಲರ ಎದುರಿಗೆ ಕೇಳಿದ, "ಸಾವಂತ್ರವ್ವ, ಇಲ್ಲಿ ಹಾಸಿದ್ದು ನೀನಾ?" ಹೌದು, ನಾನೇ, ಗಿರಾಕಿ ಬಂದು ಹೋಗುವ ಕೋಣೆ ಅಂತ ಪಟ್ಟೆಯ ಜಮಖಾನ ಹಾಸಿದ್ದೆ ಅಂದೆ. ಹಾಸಿದ್ದು ಸರಿಯೋ ತಪ್ಪೋ ನೋಡಲಿಕ್ಕೆ ಕೋಣೆಯೇ ಇರಲಿಲ್ಲ. ಮಾತು ಅಲ್ಲಿಗೆ ನಿಂತಿತು.

ನನ್ನೊಳಗೆ ನಿಲ್ಲಲಿಲ್ಲ. ಹದಿನಾಲ್ಕು ತಿಂಗಳು ನಾನು ಅದನ್ನೇ ಮನಸ್ಸಿನಲ್ಲಿ ಹಾಸಿ ಹಾಸಿ ತೆಗೆದೆ. ಮೂಲೆ ಮಡಚಿಕೊಂಡಿತ್ತೇ? ಓಣಿಯಲ್ಲಿ ಹರವಿದ ಮೂರು ದಿನದಲ್ಲಿ ಜನ ಕಡಿಮೆ ತುಳಿದಿದ್ದರೇ? ಕಸ್ತೂರಿ ಎದುರಿಗೆ ಬಂದರೆ ನಾನು ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ಮುಖ ತಿರುಗಿಸುತ್ತಿದ್ದೆ. ಆಕೆಯೂ ಮಾತಾಡುತ್ತಿರಲಿಲ್ಲ. ಮೂವತ್ತು ದಾಟದ ಹೆಣ್ಣುಮಗಳು, ಕೈಯೆಲ್ಲ ಕಡ್ಡಿಯಾಗಿದ್ದವು. ಗಂಜಿ ಕುಡಿದು ಬದುಕಿದ್ದಾಳೆ ಅಂತ ಪಕ್ಕದ ಮನೆಯ ದ್ಯಾಮವ್ವ ಹೇಳುತ್ತಿದ್ದಳು.

ಹಾಗಿದ್ದವಳು ಒಂದು ದಿನ ಬೆಳಿಗ್ಗೆ ತಾನೇ ನನ್ನ ಬಾಗಿಲಿಗೆ ಬಂದಳು. ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿದ್ದಳು. "ಅಕ್ಕಾರ, ಆ ಗೋಡಿ ಬಾಜೂಕ ಒಂದು ಸಣ್ಣ ಕೋಣಿ ಐತಲ್ರಿ, ಅದಕ್ಕ ಏನ್ ಹಾಸಬೇಕು ನೋಡಿ ಹೇಳ್ರಿ. ಇನ್ನ ಮ್ಯಾಲೆ ನಾನು ನೀಲಿ ಅಲ್ಲೇ ಇರ್ತೀವಿ," ಅಂದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮತ್ತೆ ನನ್ನನ್ನೇ ಕರೆದಳಲ್ಲ ಅಂತ ಮುಂಜಾನೆಯ ರೊಟ್ಟಿಯನ್ನೂ ಬಿಟ್ಟು ಹೊರಟೆ.

ಆ ಕೋಣೆಯಲ್ಲಿ ನಿಂಬೆಹಣ್ಣು ಇಡುವ ಮೊದಲೇ ಅಂಗಾಲಿಗೆ ಗೊತ್ತಾಯಿತು. ನೆಲ ಬೆಳಗಿನ ಹೊತ್ತಿನಲ್ಲೂ ಬೆಚ್ಚಗಿತ್ತು, ಯಾರೋ ಈಗ ತಾನೇ ಮಲಗಿ ಎದ್ದ ಹಾಸಿಗೆಯ ಹಾಗೆ. ಹಣ್ಣು ಇಟ್ಟೆ. ಅದು ಉರುಳಿ ಹೋಗಿ ರಾಚಪ್ಪನ ಗೋಡೆಗೆ ತಾಗಿ ನಿಂತಿತು. "ಕೋಣಿ ಸಡಲ ಆಗೈತಿ ತಂಗಿ," ಅಂದೆ. "ಕೌದಿ ಹಾಸೋಣು. ರಾಚಪ್ಪಂದು ಹಳೇ ಅಂಗಿ ಇದ್ರ ಕೊಡು, ಸೇರಿಸಿ ಹೊಲೀತೀನಿ. ಅಲ್ಲೀಮಟ ಊಟ ಆದ ಮ್ಯಾಲೆ ಕೂಸನ್ನ ಈ ಕಡೆ ಬಿಡಬ್ಯಾಡ."

ಕಸ್ತೂರಿ ಬಾಗಿಲಿಗೆ ಒರಗಿ ನಿಂತಿದ್ದಳು. "ಏನ್ ಹಾಸಬಾರದ್ರಿ ಇಲ್ಲಿ?" ಅಂದಳು.

"ಹಾಸಬಾರದ್ದು ಕೇಳಾಕ ನನ್ನ ಕರೆಸಿದೇನ?"

"ತಪ್ಪಾಗಬಾರದಲ್ರಿ, ಅದಕ್ಕ ಕೇಳಿದೆ."

"ತುಳಿಸಲಾರದ್ದು ಹಾಸಬಾರದು. ಇದನ್ನೂ ನಾ ಹೇಳಬೇಕೇನ?" ಅಂದು ಹಳೇ ಬಟ್ಟೆ ಹುಡುಕಲಿಕ್ಕೆ ಕಾಳಿನ ಕೋಣೆಗೆ ಹೋದೆ. ಆಕೆ ಒಲೆಯ ಮೇಲಿನ ಹಾಲು ಉಕ್ಕಿತು ಅಂತ ಅತ್ತ ಓಡಿದಳು.

ಕಾಳಿನ ಕೋಣೆಯಲ್ಲಿ, ಜೋಳದ ಕಣಜದ ಮೇಲೆ, ಒಂದು ಜಮಖಾನ ಸುತ್ತಿಟ್ಟಿತ್ತು. ಪಟ್ಟೆಯದು. ಮೂಲೆಯಲ್ಲಿ ನನ್ನ ಕೆಂಪು ನೂಲಿನ ಗಂಟು.

ರಾಚಪ್ಪನ ಕೋಣೆಯ ಜೊತೆಗೇ ಹೋಗಿರಬೇಕಾದ ಜಮಖಾನ ಅದು. ಹೋಗಿಲ್ಲ ಅಂದರೆ ಆ ದಿನ ಅಲ್ಲಿ ಬೇರೆ ಏನೋ ಹಾಸಿತ್ತು. ಏನು ಅಂತಲೂ ನನಗೆ ಆಗಲೇ ಹೊಳೆಯಿತು. ಕೋಣೆ ಏಳುವ ನಾಲ್ಕು ದಿನ ಮೊದಲು ಕಸ್ತೂರಿಯ ಅಣ್ಣ ಬಂದಿದ್ದ, ಅವಳ ಮದುವೆಗೆ ಅವನೇ ಕೊಟ್ಟ ಕೆಂಪು ರತ್ನಗಂಬಳಿ ಪೆಟ್ಟಿಗೆಯಲ್ಲೇ ಇತ್ತು, ಯಾರೂ ಒಂದು ಹೆಜ್ಜೆ ತುಳಿದಿರಲಿಲ್ಲ. ಅಣ್ಣನ ಕಣ್ಣಿಗೆ ಬೀಳಲಿ ಅಂತ ಹಾಸಿದ್ದಾಳೆ. ಒಂದು ದಿನಕ್ಕೇನಾಗುತ್ತದೆ ಅಂದುಕೊಂಡಿರಬೇಕು. ಅವನು ಹೋದ ಮೇಲೆ ತೆಗೆಯಲು ಮರೆತಿದ್ದಾಳೆ.

ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ನನಗೆ ಆದದ್ದು ಸಂತೋಷ. ನನ್ನ ತಪ್ಪಲ್ಲ! ಹದಿನಾಲ್ಕು ತಿಂಗಳು ಎದೆಯ ಮೇಲೆ ಕೂತಿದ್ದ ಕಲ್ಲು ಉರುಳಿಹೋಯಿತು. ಹೊರಗೆ ಹೋಗಿ ಓಣಿಗೆಲ್ಲ ಕೇಳುವ ಹಾಗೆ ಕೂಗಬೇಕು ಅಂತ ಬಾಯಿ ತೆರೆದುಕೊಂಡೇ ಪಡಸಾಲೆಗೆ ಬಂದೆ.

ಪಡಸಾಲೆಯಲ್ಲಿ ನೀಲಿ ಕೂತಿದ್ದಳು. ಏಳು ವರ್ಷದ ಹುಡುಗಿ, ಹೊಸ ಲಂಗ ಹಾಕಿಕೊಂಡಿದ್ದಳು, ಎದುರಿಗೆ ಒಂದು ಗಂಟು ಬಿಚ್ಚಿಕೊಂಡು ಕೂತಿದ್ದಳು. ಗಂಟಿನಲ್ಲಿ ಮೂರು ತಾಟು, ಮೂರು ವಾಟಿ, ರಾಚಪ್ಪನ ಇಸ್ತ್ರಿ ಮಾಡಿದ ಒಂದು ಅಂಗಿ. "ಎಲ್ಲಿಗೆ ಹೊಂಟೀಯವಾ ಇಷ್ಟ ಶಿಂಗಾರ ಮಾಡಿಕೊಂಡು?" ಅಂದೆ.

"ಅಪ್ಪನ ಕಡೆ. ಅಲ್ಲೂ ಸಾಲಿ ಐತಂತ. ಅವ್ವ ಹೇಳ್ಯಾಳ," ಅಂದಳು ನೀಲಿ. "ಕೋಣ್ಯಾಗ ಕುಂತು ಹೋಗೂದಂತ. ಯಾರಿಗೂ ಹೇಳಬ್ಯಾಡ ಅಂದಾಳ. ನೀ ಯಾರಿಗಾರ ಹೇಳ್ತೀಯೇನ?"

ಕಸ್ತೂರಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಆಕೆಯ ಮುಖ ನೋಡಿದೆ. ಯಾವ ಗಾಬರಿಯೂ ಇರಲಿಲ್ಲ, ಊರಿಗೆ ಹೊರಟವರ ಮುಖವೇ ಅದು. ಈಗ ನಾನು ಜಮಖಾನದ ಸುದ್ದಿ ತೆಗೆದರೆ ಇವಳು ಮಧ್ಯಾಹ್ನದವರೆಗೂ ಕಾಯುವುದಿಲ್ಲ ಅನಿಸಿತು. ಗಂಡನನ್ನು ತಾನೇ ಕಳಿಸಿದೆ ಅನ್ನುವುದು ಅವಳಿಗೆ ಗೊತ್ತಿತ್ತು, ಅದಕ್ಕೇ ಹೊರಟಿದ್ದಳು. ಓಣಿಗೆ ಗೊತ್ತಾದರಂತೂ ಮುಗಿಯಿತು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ನಾಳೆ ನೀಲಿಯನ್ನು ಸಾಲಿಯಲ್ಲಿ ಅಪ್ಪನ್ನ ಕಳಿಸಿದಾಕಿಯ ಮಗಳು ಅನ್ನುತ್ತಾರೆ. ಬುದ್ಧಿ ಹೇಳೋಣವೆಂದರೆ ಸಾಯಲು ಹೊರಟವರಿಗೆ ಬುದ್ಧಿ ಹೇಳಿ ಯಾರು ಉಳಿಸಿದ್ದಾರೆ?

ನಾನು ನೇರ ಕಟ್ಟೆಗೆ ಹೋದೆ. ದ್ಯಾಮವ್ವ ಅಕ್ಕಿ ಆರಿಸುತ್ತಿದ್ದಳು, ಸಂಗನಬಸಪ್ಪ ಬೇವಿನ ಕಟ್ಟೆಯ ಮೇಲೆ ಹಲ್ಲು ಉಜ್ಜುತ್ತಿದ್ದ. ಎದೆ ಬಡಿದುಕೊಂಡು ಕೂಗಿದೆ. "ಕೇಳ್ರೆಪಾ ಎಲ್ಲಾರೂ! ರಾಚಪ್ಪನ ಕೋಣಿ ಎದ್ದದ್ದು ನನ್ನಿಂದ. ನಾ ಹಾಸಿದ ಜಮಖಾನ ಬಾಗಲ ಕಡೆ ಒಂದು ಗೇಣು ಕಡಿಮಿ ಇತ್ತು. ಇವತ್ತ ಅಳತಿ ಕೂಡಿಸಿ ನೋಡಿದೆ. ಹಾಸಿದ ದಿನಾನ ಕೋಣಿ ಸಡಲ ಆಗಿತ್ತು. ಆಮ್ಯಾಲೆ ಅಲ್ಲಿ ಚಿನ್ನಾ ಹಾಸಿದ್ರೂ ಅದು ಏಳೂದ ಇತ್ತು. ತಪ್ಪು ನಂದು!"

ಹಿಂದೆ ತಿರುಗಿ ನೋಡಿದೆ. ಕಸ್ತೂರಿ ಹೊಸ್ತಿಲ ಮೇಲೆ ನಿಂತಿದ್ದಳು. ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ಆಮೇಲೆ ಕಣ್ಣು ದೊಡ್ಡವಾದವು, ಕುತ್ತಿಗೆಯ ನರ ಎದ್ದವು. "ಹದಿನಾಲ್ಕು ತಿಂಗಳ," ಅಂದಳು. "ಹದಿನಾಲ್ಕು ತಿಂಗಳ ನಾ ನನ್ನನ್ನ ತಿಂದೀನಿ. ನೀ ನನ್ನ ಮುಂದ ಅಡ್ಡಾಡಿದೆಲ್ಲ! ಉಂಡಿ, ಉಟ್ಟಿ, ಅಡ್ಡಾಡಿದಿ!" ಅಕ್ಕಾರ ಅನ್ನುವುದೂ ಹೋಯಿತು, ರೀ ಅನ್ನುವುದೂ ಹೋಯಿತು. ಓಡಿ ಬಂದು ನನ್ನ ಮೋರೆಗೆ ಉಗುಳಿದಳು. ಒರೆಸಿಕೊಂಡೆ. ಉಗುಳುವವರು ಗಂಟು ಕಟ್ಟಿಕೊಂಡು ಹೋಗುವುದಿಲ್ಲ ಅಂತ ಮನಸ್ಸಿನಲ್ಲಿ ಲೆಕ್ಕ ಹಾಕಿದೆ.

ಒಂದು ಲೆಕ್ಕ ಮಾತ್ರ ತಪ್ಪಿತು. ಇಂಥ ತಪ್ಪಿಗೆ ಹಿಂದೆ ಒಂದು ಪದ್ಧತಿ ಇತ್ತು, ಈಗ ಯಾರಿಗೂ ನೆನಪಿರಲಿಕ್ಕಿಲ್ಲ ಅಂದುಕೊಂಡಿದ್ದೆ. ಸಂಗನಬಸಪ್ಪನಿಗೆ ನಿನ್ನೆ ಉಂಡದ್ದು ನೆನಪಿರುವುದಿಲ್ಲ, ಇದು ನೆನಪಿತ್ತು. "ಹಾಸಿದವರ ಕೂಡಬೇಕು," ಅಂದ ಮುದುಕ, ಬಾಯಿ ಮುಕ್ಕಳಿಸಿ ಉಗುಳಿ. ಅಂದರೆ, ಯಾರ ಹಾಸಿನ ತಪ್ಪಿನಿಂದ ಕೋಣೆ ಎದ್ದಿತೋ ಅವರು ಅದೇ ಮನೆಯಲ್ಲಿ, ಆ ಮನೆಯವರು ಹೇಳಿದ ಕೋಣೆಯಲ್ಲಿ, ಆ ಮನೆಯವರು ಆರಿಸಿದ ಹಾಸಿನ ಮೇಲೆ ಒಂಬತ್ತು ಮಧ್ಯಾಹ್ನ ಒಬ್ಬರೇ ಕೂರಬೇಕು. ಹೊರಗಿನಿಂದ ಚಿಲಕ ಹಾಕುತ್ತಾರೆ. ಒಂಬತ್ತು ತುಂಬಿದರೆ ತಪ್ಪು ತೀರಿತು. ತುಂಬದಿದ್ದರೆ ಮತ್ತೆ ಯಾರ ಮನೆಯಲ್ಲೂ ಒಂದು ಚಾಪೆಯನ್ನೂ ಹಾಸುವಂತಿಲ್ಲ. ನಮ್ಮಜ್ಜಿಯ ಕಾಲದಲ್ಲಿ ಒಬ್ಬ ಕೂತಿದ್ದನಂತೆ. ಅವನಿಗೆ ಒಂಬತ್ತು ತುಂಬಲಿಲ್ಲ, ಎರಡೇ ತುಂಬಿದವು. ಮೂರನೇ ದಿನ ಚಿಲಕ ಗೋಡೆಗೆ ಜೋತಾಡುತ್ತಿತ್ತಂತೆ.

ಕಸ್ತೂರಿ ಆ ಸಡಿಲಾದ ಸಣ್ಣ ಕೋಣೆಯನ್ನೇ ಹೇಳಿದಳು. ಪೇಟೆಗೆ ತಾನೇ ಹೋಗಿ ಹೊಸ ಜಮಖಾನ ತಂದಳು. ನೀಲಿ ಬಣ್ಣದ್ದು, ಇನ್ನೂ ಅಂಗಡಿಯ ವಾಸನೆ ಹೋಗಿರಲಿಲ್ಲ. ಓಣಿಯಲ್ಲಿ ಹರವಲಿಲ್ಲ. ಎಲ್ಲರ ಎದುರಿಗೆ ಸುರುಳಿ ಬಿಚ್ಚಿ, ತನ್ನ ಕಾಲು ಕೂಡ ತಾಗದ ಹಾಗೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹಾಸಿದಳು. ತುಳಿಸಲಾರದ್ದು ಹಾಸಬಾರದು ಅಂತ ಹೇಳಿಕೊಟ್ಟವಳು ನಾನೇ ಅಲ್ಲವೇ? ದ್ಯಾಮವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆರಿಸುವ ಹಕ್ಕು ಅವಳದು.

ಮೊದಲ ದಿನ ಒಳಗೆ ಕೂತಾಗ ನನಗೆ ಬಹಳ ಹೆದರಿಕೆಯಾಯಿತು. ಧೈರ್ಯವಂತೆ ಅಂತ ಹೇಳಿಕೊಳ್ಳಬೇಕೆಂದರೆ ಈಗ ಕೇಳುವವರು ಯಾರಿದ್ದಾರೆ, ಹೇಳಿಕೊಳ್ಳಬಹುದು. ಆದರೆ ನಾನು ಕೂತಲ್ಲೇ ನಡುಗಿದೆ. ಏನೂ ಆಗಲಿಲ್ಲ. ನಾಲ್ಕಕ್ಕೆ ಚಿಲಕ ತೆಗೆದರು. ಮನೆಗೆ ಹೋಗಿ ನಾಲ್ಕು ರೊಟ್ಟಿ ತಿಂದೆ. ಅವತ್ತು ಕಸ್ತೂರಿಯ ಮನೆಯಲ್ಲೂ ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು ಅಂತ ದ್ಯಾಮವ್ವ ಬಂದು ಹೇಳಿದಳು. "ನಿನ್ನ ಹೆಸರ ತಗೊಂಡು ತಗೊಂಡು ಬಡಿತಾಳ ಯವ್ವಾ. ಮೂರು ರೊಟ್ಟಿ ತಿಂದ್ಲು," ಅಂದಳು. ನನ್ನ ಹೆಸರಿನಿಂದ ಇಷ್ಟಾದರೂ ಆಯಿತಲ್ಲ ಅಂದುಕೊಂಡೆ.

ಮೂರನೇ ದಿನ ರಾಚಪ್ಪನ ಗೋಡೆ ಬೆವರಿತು. ಸುಣ್ಣದ ಮೇಲೆ ಸಣ್ಣ ಸಣ್ಣ ಹನಿ ಮೂಡಿ ಇಳಿದವು. ನಾಲ್ಕನೇ ದಿನ ಗೋಡೆಯ ಆಚೆ ಹೊಲಿಗೆ ಮಶೀನಿನ ಸದ್ದು ಕೇಳಿಸಿತು. ಒಂದು ಗೆರೆ ಹೊಲಿದು ನಿಲ್ಲುವುದು, ಬಟ್ಟೆ ತಿರುಗಿಸುವಷ್ಟು ಹೊತ್ತು ಸುಮ್ಮನಿರುವುದು, ಮತ್ತೆ ಒಂದು ಗೆರೆ. ನಾನು ಉಸಿರು ಜೋರಾಗಿ ಬಿಟ್ಟರೆ ಮಶೀನು ನಿಲ್ಲುತ್ತಿತ್ತು. ಆ ಕಡೆಯವನಿಗೂ ಈ ಕಡೆ ಯಾರೋ ಇದ್ದಾರೆ ಅನಿಸುತ್ತಿತ್ತೋ ಏನೋ. ಸೀರೆಯ ಸೆರಗು ಬಾಯಲ್ಲಿ ತುರುಕಿಕೊಂಡು ಕೂತೆ. ಐದನೇ ದಿನ ಮಶೀನಿನ ಸದ್ದು ಹತ್ತಿರ ಬಂದಿತ್ತು, ಮತ್ತು ನನ್ನ ಕೆಳಗಿನ ಜಮಖಾನ ಬೆಚ್ಚಗಾಗಿತ್ತು. ಈ ಸದ್ದನ್ನು ಕಸ್ತೂರಿಗೆ ಹೇಳಲಿಲ್ಲ. ಹೇಳಿದ್ದರೆ ಆಕೆ ಗೋಡೆ ಬಿಟ್ಟು ಏಳುತ್ತಿರಲಿಲ್ಲ.

ಆರನೇ ದಿನ ಚಿಲಕ ಹಾಕಿದ ಮೇಲೆ ಆಕೆಯ ಹೆಜ್ಜೆ ದೂರ ಹೋಗಲಿಲ್ಲ. ಬಾಗಿಲಿನ ಆಚೆ ಕೆಳಗೆ ಕೂತ ಸದ್ದಾಯಿತು. ಬಳೆ ಬಾಗಿಲಿಗೆ ತಾಗಿದವು. "ನಿನ್ನೆ ನಾ ಹನ್ನೊಂದು ಮನಿಗೆ ಹೋಗಿದ್ದೆ," ಅಂದಳು.

"ಯಾಕ?"

"ನೀ ಹಾಸಿದ ಮನಿಗೋಳು. ಎಲ್ಲಾ ಕಡೆ ನಿನ್ನ ತಪ್ಪು ತೋರಿಸಿ ಇನ್ನೊಮ್ಮೆ ಯಾರೂ ನಿನ್ನ ಒಳಗ ಕರೀಬಾರದು, ಹಂಗ ಮಾಡಬೇಕಂತ ಹೋದೆ. ಹನ್ನೊಂದೂ ಕಡೆ ಬಾಗಲ ಹಂತೇಲಿ ಒಂದು ಗೇಣು ಬಿಟ್ಟು ಹಾಸೀದಿ. ಹನ್ನೊಂದೂ ಕೋಣಿ ಹಂಗ ಅದಾವ."

ಬಾಗಿಲು ತೆರೆಯುವಾಗ ಹಾಸು ಮಡಚಬಾರದು ಅಂತ ನಾನು ಯಾವಾಗಲೂ ಅಷ್ಟು ಜಾಗ ಬಿಡುತ್ತಿದ್ದೆ. ಸುಳ್ಳು ಹೇಳುವಾಗ ಅದೇ ಬಾಯಿಗೆ ಬಂದಿತ್ತು. ಜಾಣತನ ಮಾಡಲಿಕ್ಕೆ ಹೋದರೆ ಹೀಗೇ.

"ನಾ ರತ್ನಗಂಬಳಿ ಹಾಸಿದ್ದೆ," ಅಂದಳು ಕಸ್ತೂರಿ. "ನಿನಗ ಗೊತ್ತೈತಿ. ಕಣಜದ ಮ್ಯಾಲಿಂದು ನೋಡೀದಿ ನೀ."

"ನೋಡೀನಿ."

"ಮತ್ತ ಯಾಕ ಸುಳ್ಳ ಹೇಳಿದಿ?"

"ನಿನ್ನ ಮಗಳು ಮೂರು ತಾಟು ಕಟಗೊಂಡು ಕುಂತಿದ್ಲು," ಅಂದೆ. "ಏಳು ವರ್ಷದ ಕೂಸು ಕಸ್ತೂರಿ. ಅಲ್ಲಿ ಸಾಲಿ ಐತೋ ಇಲ್ಲೋ ನೀ ನೋಡಿ ಬಂದೀಯೇನ? ನನ್ನ ಮ್ಯಾಲೆ ಸಿಟ್ಟು ಇರೋಮಟ ನೀ ಉಳೀತಿ ಅನಿಸ್ತು. ಸಿಟ್ಟಾಗು. ಸಾಯೋಮಟ ಸಿಟ್ಟಾಗು. ಆದ್ರ ಇಲ್ಲಿರು."

ಆಗ ಮಶೀನಿನ ಸದ್ದು ನಿಂತಿರುವುದು ನನ್ನ ಗಮನಕ್ಕೆ ಬಂದಿತು. ಅದು ಹೊಲಿಗೆಯ ನಡುವೆ ನಿಂತದ್ದಲ್ಲ, ಕೆಲಸ ಮುಗಿಸಿ ನಿಂತದ್ದು. ಕೋಣೆಯ ಬೆಳಕು ಒಮ್ಮೆ ಮಂಕಾಯಿತು. ಬೆವರಿದ ಗೋಡೆ ಹಳೇ ಸೀರೆಯ ಹಾಗೆ ತೆಳ್ಳಗಾಗತೊಡಗಿತು, ಅದರ ಆಚೆ ಇನ್ನೊಂದು ಕೋಣೆ, ಅದರ ಆಚೆ ಮತ್ತೊಂದು, ಹೀಗೆ ಬಾಗಿಲ ಹಿಂದೆ ಬಾಗಿಲು ಕಾಣಿಸಿದವು. ಒಂದೊಂದರಲ್ಲೂ ಹಾಸು ಹಾಸಿತ್ತು. ಒಂದರಲ್ಲಿ ಯಾರದೋ ತೊಟ್ಟಿಲು ತಾನಾಗಿ ತೂಗುತ್ತಿತ್ತು. ಎದ್ದೇಳಲು ನೋಡಿದೆ. ಆರು ದಿನ ಕೂತು ಕೂತು ಮರಗಟ್ಟಿದ ಕಾಲು ಮಾತು ಕೇಳಲಿಲ್ಲ. ಜಮಖಾನ ನನ್ನನ್ನು ಹೊತ್ತುಕೊಂಡೇ ಆ ಕಡೆ ಸರಿಯುತ್ತಿತ್ತು.

"ಕಸ್ತೂರೀ!" ಅಂತ ಕಿರುಚಿದೆ. "ಕೋಣಿ ಏಳಾಕತ್ತೈತಿ!"

ಚಿಲಕ ಸರಿಯಿತು. ಏಳುತ್ತಿರುವ ಕೋಣೆಯನ್ನು ಬಾಗಿಲು ತೆರೆದು ನಿಲ್ಲಿಸಲಾಗುವುದಿಲ್ಲ, ಒಳಗಿದ್ದವರನ್ನು ಎಳೆದುಕೊಳ್ಳಬಹುದು ಅಷ್ಟೇ. ಅವಳು ಹೊಸ್ತಿಲ ಆಚೆ ಮಂಡಿಯೂರಿ, ಬಗ್ಗಿ, ನನ್ನ ತೋಳು ಹಿಡಿದಳು. ಹಿಡಿದು ಎಳೆದಳು. ನನ್ನ ಅರ್ಧ ಮೈ ಹೊಸ್ತಿಲ ಮೇಲೆ ಬಂದಿತ್ತು, ಅಷ್ಟರಲ್ಲಿ ಆ ಬಾಗಿಲುಗಳ ಸಾಲಿನ ಎಲ್ಲೋ ಹತ್ತಿರದಿಂದ ರಾಚಪ್ಪ ಆಕಳಿಸಿದ. ಈಗ ತಾನೇ ಹತ್ತು ನಿಮಿಷದ ನಿದ್ದೆಯಿಂದ ಎದ್ದವನ ಹಾಗೆ, ಆ ಸಣ್ಣ ದನಿಯಲ್ಲಿ ಕೇಳಿದ.

"ಕಸ್ತೂರಿ, ಚಾ ಇಟ್ಟೀಯೇನ?"

ಅವಳ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಹನ್ನೆರಡು ವರ್ಷ ದಿನಾ ಆ ಪ್ರಶ್ನೆಗೆ ಉತ್ತರ ಕೊಟ್ಟ ತುಟಿಗಳು ತಾವಾಗಿ ತೆರೆದವು. ಹಾಂ ಅನ್ನಲಿಕ್ಕೆ ಬೇಕಾದ ಉಸಿರನ್ನೂ ಎಳೆದುಕೊಂಡಳು. ನನ್ನ ತೋಳು ಬಿಟ್ಟು ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ನಾನು ಬೇಡ ಅನ್ನಲಿಲ್ಲ. ಆಕೆಯ ಐದು ಬೆರಳೂ ನನ್ನ ತೋಳಿನ ಮಾಂಸದಲ್ಲಿ ಇಳಿದವು. ಎಳೆದುಕೊಂಡ ಉಸಿರನ್ನು ಹಾಗೇ ನುಂಗಿ, ಹಿಂದಕ್ಕೆ ಬಿದ್ದಳು. ನಾನು ಅವಳ ಮೇಲೆ ಬಿದ್ದೆ. ತಲೆ ಎತ್ತಿದಾಗ ಗೋಡೆ ಇತ್ತು.

ಒಂಬತ್ತು ತುಂಬಲಿಲ್ಲ. ಸಂಜೆ ಸಂಗನಬಸಪ್ಪ ಬಂದು ಗೋಡೆ ಮುಟ್ಟಿ ನೋಡಿ ಅಷ್ಟನ್ನೇ ಹೇಳಿದ, ಅವತ್ತಿನಿಂದ ನಾನು ಯಾರ ಮನೆಯಲ್ಲೂ ಹಾಸಿಲ್ಲ. ನಿಜ ಓಣಿಗೆ ಹೇಳುತ್ತೇನೆ ಅಂತ ಕಸ್ತೂರಿ ಎರಡು ಸಲ ಎದ್ದಳು, ಎರಡು ಸಲವೂ ಕೈ ಹಿಡಿದು ಕೂರಿಸಿದೆ. ಹಿತ್ತಲ ಬಾಗಿಲಿಂದ ಬಂದು ಅಡುಗೆಮನೆಗೆ ಏನು ಹಾಸಲಿ ಅಂತ ಪಿಸುಗುಟ್ಟುವವರು ಈಗಲೂ ಇದ್ದಾರೆ. ಬೈದು ಹೇಳಿ ಕಳಿಸುತ್ತೇನೆ.

ಆದರೆ ಅವೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ನಾವಿಬ್ಬರೂ ಗೋಡೆಯ ಮುಂದೆ ಬಿದ್ದಲ್ಲೇ ಬಿದ್ದಿದ್ದೆವು. ಕಸ್ತೂರಿ ನನ್ನ ತೋಳು ಬಿಟ್ಟಿರಲಿಲ್ಲ. ಗೋಡೆಯನ್ನೇ ನೋಡುತ್ತಿದ್ದಳು, ರೆಪ್ಪೆ ಕೂಡ ಬಡಿಯುತ್ತಿರಲಿಲ್ಲ. ಎಷ್ಟು ಹೊತ್ತಾಯಿತೋ, ಓಣಿಯಲ್ಲಿ ಮಕ್ಕಳ ಗದ್ದಲ ಕೇಳಿಸಿತು, ಸಾಲಿ ಬಿಟ್ಟಿತ್ತು. ನೀಲಿ ಪಾಟಿಚೀಲ ಎಸೆದು ಒಳಗೆ ಬಂದು, ನಮ್ಮಿಬ್ಬರನ್ನೂ ಗೋಡೆಯನ್ನೂ ನೋಡಿ, "ಅವ್ವಾ, ಇನ್ನೊಂದು ಕೋಣಿ ಹೋತೇನ?" ಅಂದಳು. ಆಮೇಲೆ, "ನನಗ ಹಸಿವಾಗೈತಿ," ಅಂದಳು.

ಕಸ್ತೂರಿ ನನ್ನ ತೋಳು ಬಿಟ್ಟಳು. ಗೋಡೆ ಹಿಡಿದು ಎದ್ದು ಅಡುಗೆಮನೆಗೆ ಹೋದಳು. ಒಲೆ ಹೊತ್ತಿದ ಸದ್ದಾಯಿತು, ಪಾತ್ರೆಗಳ ಸದ್ದಾಯಿತು. ನೀಲಿಗೆ ರೊಟ್ಟಿ ಬೆಲ್ಲ ಕೊಟ್ಟು, ಮೂರು ವಾಟಿಯಲ್ಲಿ ಚಹಾ ಸುರಿದು ತಂದಳು. ಒಂದು ನೀಲಿಯ ಮುಂದೆ, ಒಂದು ತನ್ನ ಮುಂದೆ, ಒಂದು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಗೋಡೆಯ ಕಡೆ ನೋಡುತ್ತಾ ನಿಂತಳು. ಆಮೇಲೆ ಬಗ್ಗಿ ಅದನ್ನು ನನ್ನ ಮುಂದೆ ಇಟ್ಟಳು. "ಕುಡೀರಿ ಅಕ್ಕಾರ," ಅಂದಳು.

ಕುಡಿದೆ. ಸಕ್ಕರೆ ಹಾಕುವುದನ್ನು ಮರೆತಿದ್ದಳು. ನಾನು ಹೇಳಲಿಲ್ಲ, ಒಂದೊಂದೇ ಗುಟುಕು ಕುಡಿದೆ. ನೀಲಿ ಒಂದು ಗುಟುಕು ಕುಡಿದು ಮುಖ ಕಿವುಚಿ, "ಅವ್ವಾ, ಸಪ್ಪಗೈತಿ," ಅಂದಳು.

ಆಗ ಕಸ್ತೂರಿ ಅತ್ತಳು.